ರಮೋನನ ಎಡಗಾಲು

"ಎಡಗಾಲು ಯಾಕೋ ತಣ್ಣಗಿದೆ" ಎಂದ ರಮೋನ್.

ಕೋವಿಡ್ ಜ್ವರ ಬಿಟ್ಟು, ಮಲೇಶಿಯಾದ ಸುಬಾಂಗ್ ಜಯಾ ಊರಿನ ನಮ್ಮ ಫ್ಲ್ಯಾಟಿನಲ್ಲಿ ಅವನು ಹಾಸಿಗೆಯಿಂದ ಅಡುಗೆಮನೆಯವರೆಗೆ ಎದ್ದು ಬಂದ ಮೊದಲ ಬೆಳಗ್ಗೆ ಅದು. ಫ್ಯಾನ್ ಗಾಳಿಗಿರಬೇಕು, ಸಾಕ್ಸ್ ಹಾಕ್ಕೋ ಅಂದೆ. ಅವನು ಕುರ್ಚಿಯಲ್ಲಿ ಕೂತು ಪಾದ ಉಜ್ಜತೊಡಗಿದ. "ಉಜ್ಜಿದ್ದು ಗೊತ್ತಾಗ್ತಾ ಇಲ್ಲ, ಸುಮಾ."

ಗ್ಯಾಸ್ ಆರಿಸಿ ನೆಲದ ಮೇಲೆ ಕೂತೆ. ನಾನು ಫಿಸಿಯೋಥೆರಪಿಸ್ಟ್. ಮಣಿಪಾಲದಲ್ಲಿ ಓದಿ, ಇಲ್ಲಿನ ಒಂದು ಮೆಡಿಕಲ್ ಕಾಲೇಜಿಗೆ ಪಾಠ ಮಾಡಲು ಬಂದವಳು. ಪಾದದ ಮೇಲೆ ನಾಡಿ ಎಲ್ಲಿ ಸಿಗುತ್ತದೆಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ತೋರಿಸಿಕೊಡುವವಳು. ಬೆರಳಿಟ್ಟೆ. ಸರಿಸಿದೆ. ಮತ್ತೆ ಇಟ್ಟೆ.

ನಾಡಿ ಇರಲಿಲ್ಲ.

ಆ ಕಾಲಿನ ಬಗ್ಗೆ ಹೇಳಬೇಕು. ರಮೋನ್ ಹುಟ್ಟಿದ್ದು ಕ್ಯೂಬಾದ ಪೂರ್ವ ಭಾಗದಲ್ಲಿ, ಒಂದು ಸಕ್ಕರೆ ಕಾರ್ಖಾನೆಯ ಊರಲ್ಲಿ. ಬರಿಗಾಲಲ್ಲಿ ಮರಳಿಗೆ ಹಾರುತ್ತಿದ್ದ ಹುಡುಗನನ್ನು ಶಾಲೆಯ ಮೇಷ್ಟರು ಲಾಂಗ್ ಜಂಪ್‌ಗೆ ಹಚ್ಚಿದರು. ಕ್ರೀಡಾ ಹಾಸ್ಟೆಲಿಗೆ ಹೋದ ಮೇಲೆ ಟ್ರಿಪಲ್ ಜಂಪ್ ಬಂತು. ಎರಡರಲ್ಲೂ ದೇಶಕ್ಕೆ ಚಾಂಪಿಯನ್ ಆದ. ದೊಡ್ಡ ಕೂಟಗಳಲ್ಲಿ ಪದಕ ಗೆದ್ದ. ಟ್ರಿಪಲ್ ಜಂಪಿನಲ್ಲಿ ಅವನು ಹಾರುತ್ತಿದ್ದುದು ಎಡಗಾಲಿನಿಂದ, ಇಳಿಯುತ್ತಿದ್ದುದೂ ಅದೇ ಎಡಗಾಲಿನ ಮೇಲೆ, ಅಲ್ಲಿಂದ ಮತ್ತೆ ಚಿಮ್ಮಿ ಬಲಗಾಲಿಗೆ. ಇಡೀ ಮೈಯ ಭಾರವನ್ನು ಹಲವು ಪಟ್ಟು ಮಾಡಿ ಆ ಒಂದು ಪಾದದ ಮೇಲೆ ಸುರಿಯುವ ಆಟ ಅದು. ಕೊನೆಗೆ ಹಿಮ್ಮಡಿ ಸೋತಿತು. ಆಟ ಬಿಟ್ಟು ಮಲೇಶಿಯಾಕ್ಕೆ ಕೋಚ್ ಆಗಿ ಬಂದ. ಹಿಮ್ಮಡಿ ತೋರಿಸಲು ನನ್ನ ಹತ್ತಿರ ಬಂದ. ನಾವು ಮದುವೆಯಾದದ್ದು ಹಾಗೆ. ನಾವಿಬ್ಬರೂ ಆಡುವುದು ಇಂಗ್ಲಿಷ್, ಅವನಿಗೆ ಕನ್ನಡ ಬರುವುದು ಅಷ್ಟಿಷ್ಟು.

ಆಂಬುಲೆನ್ಸ್‌ನವರು ನನ್ನನ್ನು ಹತ್ತಿಸಿಕೊಳ್ಳಲಿಲ್ಲ. ಲಾಕ್‌ಡೌನ್. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಅವನು ಕಾಲನ್ನೇ ನೋಡುತ್ತಿದ್ದ.

ಆಸ್ಪತ್ರೆಯ ಸರ್ಜನ್ ಉಡುಪಿ ಕಡೆಯವರೇ, ಡಾಕ್ಟರ್ ಪ್ರಭು. ಸಂಜೆ ಫೋನ್ ಮಾಡಿದರು. "ಕ್ಲಾಟ್ ತೆಗ್ದಿದ್ದೇವೆ ಮೇಡಂ. ಆದ್ರೆ ಮತ್ತೆ ಕಟ್ಟಿಕೊಳ್ತಾ ಇದೆ. ಕೋವಿಡ್‌ದು ಹೀಗೇ, ರಕ್ತ ಹೇಳಿದ ಮಾತು ಕೇಳೋದಿಲ್ಲ. ನೀವು ಇದೇ ಲೈನಲ್ಲಿ ಇರೋರು. ನಿಮ್ಗೆ ಬಿಡಿಸಿ ಹೇಳ್ಬೇಕಾ?"

ಬೇಡ ಅಂದೆ.

"ಅವ್ರು ಒಪ್ತಾ ಇಲ್ಲ. ಇವತ್ತೇ ಆದ್ರೆ ಮೊಣಕಾಲು ಉಳಿಸ್ಬಹುದು. ನಾಳೆಗೆ ಗ್ಯಾರಂಟಿ ಕೊಡ್ಲಿಕ್ಕೆ ಆಗೋದಿಲ್ಲ. ತಡ ಆದ್ರೆ ಜೀವಕ್ಕೇ ಬರ್ತದೆ."

ಆ ದಿನ ರಮೋನ್ ನನ್ನ ಕರೆಯನ್ನೂ ತೆಗೆದುಕೊಳ್ಳಲಿಲ್ಲ. ಮರುದಿನ ಮಧ್ಯಾಹ್ನ ಪಿಪಿಇ ತೊಟ್ಟ ನರ್ಸ್ ಒಬ್ಬಳು ವಿಡಿಯೋ ಕರೆ ಮಾಡಿ ಫೋನನ್ನು ಅವನ ಮುಖದ ಮುಂದೆ ಹಿಡಿದಳು. ಆಕ್ಸಿಜನ್ ಮಾಸ್ಕ್. ಬಿಳಿಚಿದ ಕಣ್ಣು.

"ಎಲ್ಲಿಗೆ?" ಎಂದ. ಎಲ್ಲಿಗೆ ಕತ್ತರಿಸುತ್ತಾರೆ ಎಂದು.

"ಮೊಣಕಾಲಿನ ಕೆಳಗೆ. ಮೊಣಕಾಲು ಉಳಿಯುತ್ತೆ, ರಮೋನ್. ಮೊಣಕಾಲು ಒಂದಿದ್ರೆ ಸಾಕು, ನಾನು ನಿನ್ನ ಓಡಿಸ್ತೀನಿ."

ಗ್ಯಾರಂಟಿ ಇಲ್ಲವೆಂದು ಗೊತ್ತಿದ್ದೂ ಹೇಳಿದೆ. ಅವನು ಸಹಿ ಮಾಡಿದ.

ಮೊಣಕಾಲು ಉಳಿಯಲಿಲ್ಲ.

ಮನೆಗೆ ಬಂದಾಗ ಅವನು ನನ್ನ ಕಡೆ ನೋಡಲಿಲ್ಲ. ಸಿಟ್ಟು ಮಾಡಿದ್ದರೆ ಸಹಿಸಬಹುದಿತ್ತು. ನೀರು ಬೇಕಾದರೂ ನನ್ನನ್ನು ಕೇಳುತ್ತಿರಲಿಲ್ಲ. ಎಲ್ಲದಕ್ಕೂ ಮಗಳು ನೀನಾ. ಹದಿನೇಳರ ಹುಡುಗಿ, ಓಟ ಜಿಗಿತದ ಗಂಧವಿಲ್ಲದವಳು, ಕನ್ನಡ ಅರ್ಥವಾದರೂ ಹೆಚ್ಚಾಗಿ ಇಂಗ್ಲಿಷಿನಲ್ಲೇ ಉತ್ತರಿಸುವವಳು. ತೊಡೆಯ ಗಾಯ ಮಾಗಿದ ಮೇಲೆ ಪ್ರತಿದಿನ ಬ್ಯಾಂಡೇಜ್ ಬಿಗಿಯಾಗಿ ಸುತ್ತಬೇಕು, ಇಲ್ಲದಿದ್ದರೆ ಊತ ಇಳಿಯುವುದಿಲ್ಲ, ಮುಂದೆ ಕೃತಕ ಕಾಲು ಕೂರುವುದಿಲ್ಲ. ಎಷ್ಟೋ ಅಪರಿಚಿತರಿಗೆ ಸುತ್ತಿದ ಕೈ ನನ್ನದು. ಅವನು ಮುಟ್ಟಲು ಬಿಡಲಿಲ್ಲ. ನೀನಾ ಸುತ್ತುತ್ತಿದ್ದಳು, ನಾನು ಬಾಗಿಲಾಚೆ ನಿಂತು ಹೇಳುತ್ತಿದ್ದೆ.

"ಕೆಳಗೆ ಬಿಗಿ, ಮೇಲೆ ಹೋಗ್ತಾ ಸಡಿಲ. ಅಡ್ಡಡ್ಡ ಸುತ್ತು ಮಗಾ."

"ಐ ನೋ, ಅಮ್ಮಾ."

ಅವನು ಗೋಡೆ ನೋಡುತ್ತ ಮಲಗಿರುತ್ತಿದ್ದ, ಕೇಳಿಸದವನಂತೆ.

ಒಮ್ಮೆ ನೀನಾ ಅಳುತ್ತ ಹೊರಗೆ ಬಂದಳು. "ಪಾದ ಉರೀತಿದೆ ಅಂತಿದ್ದಾರೆ. ಬಟ್ ದೇರ್ ಈಸ್ ನೋ ಫುಟ್, ಅಮ್ಮಾ!" ಇಲ್ಲದ ಅಂಗ ನೋಯುವುದಕ್ಕೆ ಫ್ಯಾಂಟಮ್ ಪೇನ್ ಎನ್ನುತ್ತಾರೆಂದು ಅವಳಿಗೆ ವಿವರಿಸಿದೆ. ಪಾಠ ಮಾಡಿದ ಹಾಗೆಯೇ. ನಂತರ ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನಿದ್ದೆಯಲ್ಲಿ ಅವನ ಬಲಗಾಲು ಕೆಲವೊಮ್ಮೆ ಎಳೆದುಕೊಳ್ಳುತ್ತಿತ್ತು, ಓಡುವವರ ಹಾಗೆ. ಅಂಥ ದಿನ ಎದ್ದ ಮೇಲೆ ಅವನು ಊಟ ಮುಟ್ಟುತ್ತಿರಲಿಲ್ಲ. ಕೆಳಗಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ನೀನಾ ಕಟ್ಟಿಸಿಕೊಂಡು ತಂದ ರೊಟ್ಟಿ ಪೊಟ್ಟಣದಲ್ಲೇ ತಣ್ಣಗಾಗುತ್ತಿತ್ತು. ಅಷ್ಟರಲ್ಲಿ ಕೋಚ್ ಕೆಲಸದ ಕರಾರೂ ಮುಗಿದಿತ್ತು. ಮೈದಾನಗಳೇ ಮುಚ್ಚಿದ್ದವು, ಯಾರನ್ನು ದೂರುವುದು?

ನೀನಾಳಿಗೆ ಆನ್‌ಲೈನ್ ಪರೀಕ್ಷೆ ಶುರುವಾದ ದಿನ ಕೋಣೆಯಿಂದ ನನ್ನ ಹೆಸರು ಕೇಳಿಸಿತು.

"ಸುಮಾ."

ಒಳಗೆ ಹೋದೆ. ಬ್ಯಾಂಡೇಜಿನ ಸುರುಳಿಯನ್ನು ಮುಂದೆ ಚಾಚಿದ್ದ. ಕೂತು ಸುತ್ತತೊಡಗಿದೆ. ಕತ್ತರಿಸಿದ ಮೇಲೆ ಆ ತೊಡೆಯನ್ನು ನಾನು ಹತ್ತಿರದಿಂದ ಕಂಡದ್ದು ಅದೇ ಮೊದಲು. ಕಲ್ಲಿನಂತಿದ್ದ ಮಾಂಸಖಂಡ ಹಿಟ್ಟಿನಷ್ಟು ಮೆತ್ತಗಾಗಿತ್ತು.

"ಆವತ್ತು ನಿಂಗೆ ಗೊತ್ತಿತ್ತಾ?" ಎಂದ.

"ಅನುಮಾನ ಇತ್ತು."

"ಹೇಳಿದ್ರೆ ನಾನು ಸೈನ್ ಮಾಡ್ತಿರ್ಲಿಲ್ಲ."

"ಗೊತ್ತು."

"ಸತ್ತುಹೋಗ್ತಿದ್ದೆ."

ಸುತ್ತುತ್ತ ಹೋದೆ. ಅವನು ನನ್ನ ಕೈಗಳನ್ನು ನೋಡುತ್ತಿದ್ದ. ಆಮೇಲೆ, "ಕೆಳಗೆ ಇನ್ನೂ ಸ್ವಲ್ಪ ಬಿಗಿ ಮಾಡು. ನೀನಾ ಕಟ್ಟಿದ್ದು ನಡುಮಧ್ಯಾಹ್ನಕ್ಕೇ ಜಾರುತ್ತೆ" ಎಂದ.

ಬಿಗಿ ಮಾಡಿದೆ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಜಿಗಿತದ ಸ್ಪರ್ಧೆ ಟಿವಿಯಲ್ಲಿ ಬಂದರೆ ಇಂದಿಗೂ ಎದ್ದುಹೋಗುತ್ತಾನೆ, ಊರುಗೋಲು ಸಿಗದಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ಪಾದದ ಉರಿ ಕಡಿಮೆಯಾಗಿದೆ, ಹೋಗಿಲ್ಲ. ಆದರೆ ಬೆಳಗ್ಗೆ ಕಾಫಿಗೆ ಎದುರು ಕೂರುತ್ತಾನೆ, ಸಕ್ಕರೆ ಸಾಲದು ಎಂದು ಗೊಣಗುತ್ತಾನೆ. ಹಾಗೆ ಗೊಣಗಲಾದರೂ ಅವನು ಇದ್ದಾನಲ್ಲ ಅನ್ನಿಸುತ್ತದೆ ಒಮ್ಮೊಮ್ಮೆ.

ನಿರ್ಬಂಧ ಸಡಿಲವಾದ ಮೇಲೆ ಕೃತಕ ಕಾಲು ಬಂತು. ನಡಿಗೆ ಕಲಿಸಲು ನನ್ನ ಸಹೋದ್ಯೋಗಿಯೇ ಇರಲಿ, ನೀನು ಬೇಡ ಅಂದ. ಒಪ್ಪಿದೆ. ಅವನು ಹಿಡಿದು ನಡೆಯಬೇಕಾದ ಎರಡು ಸಮಾನಾಂತರ ಸರಳುಗಳ ಆಚೆ ತುದಿಯಲ್ಲಿ ನಿಂತೆ. ಆ ಸರಳುಗಳ ಉದ್ದ ಟ್ರಿಪಲ್ ಜಂಪಿನಲ್ಲಿ ಅವನ ಮೊದಲ ಹಾರಿಕೆಯಷ್ಟೂ ಇರಲಿಲ್ಲ. ಯಂತ್ರದ ಮೊಣಕಾಲು ಒಮ್ಮೆ ಮಡಚಿತು, ತೋಳಿನ ಬಲದಲ್ಲಿ ತಡೆದುಕೊಂಡ. ಮತ್ತೆ ಹೆಜ್ಜೆ ಇಟ್ಟ. ನನ್ನ ಮುಂದೆ ಬಂದು ನಿಂತಾಗ ಅಂಗಿ ಬೆವರಿಗೆ ಒದ್ದೆಯಾಗಿತ್ತು.

"ಇನ್ನೊಂದ್ಸಲ" ಎಂದ, ಕನ್ನಡದಲ್ಲೇ.

ಹಿಂದಕ್ಕೆ ತಿರುಗುವುದು ನಡೆಯುವುದಕ್ಕಿಂತ ಕಷ್ಟ. ಅದಕ್ಕೆ ಅವನಿಗೆ ನನ್ನ ಭುಜ ಬೇಕಾಯಿತು. ಕೇಳದೆ ಕೈಯಿಟ್ಟ. ಭಾರವೆಲ್ಲ ಬಿಟ್ಟು, ನಿಧಾನವಾಗಿ ತಿರುಗಿದ.