ಹುಳುವಿಲ್ಲದ ಚಂದ್ರಿಕೆ

ಹೋಳೂರಿನ ಸುತ್ತಮುತ್ತ ಮುನಿಲಕ್ಷ್ಮಮ್ಮನ ಬಾಯಿಗೆ ಹೆದರದವರು ಕಡಿಮೆ. ನಮ್ಮೂರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಈ ಹೆಂಗಸು ಮಕ್ಕಳ ಸಾರಿಗೆ ಖಾರ ಕಡಿಮೆ ಹಾಕುತ್ತಾಳೆ; ಉಳಿದದ್ದನ್ನು ಮಾತಿಗೆ ಹಾಕುತ್ತಾಳೆ ಅಂತ ನನ್ನ ಗುಮಾನಿ. ಅವಳಿಗಿರುವುದು ಒಂದೇ ಚಟ, ಕತೆ ಕೇಳುವುದು. ಅವಳಿಗೆ ಓದಲು ಬರುವುದಿಲ್ಲವೆಂದಲ್ಲ. ಮಕ್ಕಳು ಓದಿ ತಾನು ಕೇಳಿದರೆ ಅದರ ರುಚಿಯೇ ಬೇರೆ ಎನ್ನುತ್ತಾಳೆ. ಊಟವಾದ ಮೇಲೆ ಮಕ್ಕಳು ಅಂಗಳದ ಹೊಂಗೆ ಮರದ ಕೆಳಗೆ ಕೂತು ಗಟ್ಟಿಯಾಗಿ ಓದುವರು, ಇವಳು ಪಾತ್ರೆ ತಿಕ್ಕುತ್ತಾ ಕೇಳುವಳು. ಕತೆಯಲ್ಲಿ ನರಿ ಮೋಸ ಮಾಡಿದರೆ ನರಿಗೂ ಬೈಗುಳ ತಪ್ಪಿದ್ದಲ್ಲ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಟೊಮೆಟೊ ಕೀಳುವ ಕಾಲದಲ್ಲಿ. ನಮ್ಮ ಶಾಲೆಗೆ ಕಾಂಪೌಂಡು ಇಲ್ಲ. ತೋಟಗಳಿಂದ ಕೋಲಾರದ ಮಾರುಕಟ್ಟೆಗೆ ಹೊರಟ ಟೆಂಪೊಗಳು ಕೆರೆ ಏರಿಯ ಮೇಲೆ ಬಳಸಿ ಹೋಗುವ ಬದಲು ಶಾಲೆಯ ಅಂಗಳದಲ್ಲೇ ನುಗ್ಗಿ ರಸ್ತೆ ಸೇರುತ್ತವೆ. ಒಂದು ಮಧ್ಯಾಹ್ನ ಹಾಗೆ ನುಗ್ಗಿದ ಗಾಡಿಯೊಂದು ಮರದ ಕೆಳಗಿದ್ದ ಬ್ಯಾಗುಗಳ ಮೇಲೆ ಹತ್ತಿ ಹೋಯಿತು. ಮಕ್ಕಳು ಕೈ ತೊಳೆಯಲು ಎದ್ದಿದ್ದರು, ನಮ್ಮ ಪುಣ್ಯ.

ಹೆಡ್‌ಮೇಡಂ ಶ್ರೀವಾಣಿ ಅಂದಿನಿಂದ ಮಕ್ಕಳನ್ನು ಅಂಗಳಕ್ಕೆ ಇಳಿಯಲು ಬಿಡಲಿಲ್ಲ. ಒಳಗಿರುವುದು ಎರಡೇ ಕೋಣೆ. ಒಂದರ ತುಂಬ ಅಕ್ಕಿ ಮೂಟೆ, ಇನ್ನೊಂದರಲ್ಲಿ ಕಾಲು ಚಾಚಲೂ ಜಾಗವಿಲ್ಲ. ಕತೆ ಪುಸ್ತಕಗಳು ಬೀರು ಸೇರಿದವು. ಗೋಡೆ ಕಟ್ಟಿಸಿ ಎಂದು ಮೇಡಂ ಪಂಚಾಯಿತಿಗೆ ಹೋಗಿ ಕೇಳಿದರೆ ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಎಂಬುದು ನಮ್ಮಲ್ಲಿ ಯಾವಾಗ ಬರುತ್ತದೋ ದೇವರೇ ಬಲ್ಲ.

ಮುನಿಲಕ್ಷ್ಮಮ್ಮ ಸುಮ್ಮನಿರುವ ಜೀವವಲ್ಲ. ನೇರವಾಗಿ ವೆಂಕಟರಾಯಪ್ಪನ ತೋಟಕ್ಕೆ ಹೋದಳು. ಊರಿಗೆ ದೊಡ್ಡ ಟೊಮೆಟೊ ಬೆಳೆಗಾರ ಅವನೇ, ತನ್ನ ಟೆಂಪೊ ತಾನೇ ಓಡಿಸುವವನು. ಅವನ ದಾರಿಯಲ್ಲೇ ಉಳಿದವರೂ ಹೋಗುತ್ತಾರೆ. ಅವನ ಮೊಮ್ಮಗಳು ಧನಶ್ರೀ ಇದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು.

"ಪೋನೀಲೇಮ್ಮಾ, ಹೋಗ್ಲಿ ಬಿಡು, ನಿಧಾನಕ್ಕೆ ಓಡಿಸ್ತೀನಿ," ಎಂದು ಅವನು ತೆಲುಗು ಕನ್ನಡ ಬೆರೆಸಿ ಮಾತು ತೇಲಿಸಿಬಿಟ್ಟ.

ಮಾರನೆಯ ದಿನ ಅವಳ ಗಂಡ ಆಂಜಿನಪ್ಪ ಗೊಣಗುತ್ತಾ ಮನೆಯ ಬಿದಿರು ಚಂದ್ರಿಕೆಗಳನ್ನೆಲ್ಲ ಶಾಲೆಗೆ ಹೊತ್ತು ತಂದ. ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುವ ಆಳೆತ್ತರದ ಬಿದಿರು ಚೌಕಟ್ಟು ಅದು, ಮೈತುಂಬ ಸುರುಳಿ ಸುತ್ತಿನ ಪಟ್ಟಿ. ಅವರ ಮನೆಯ ಹುಳುಗಳು ಇನ್ನೂ ಎಳೆಯವು, ಚಂದ್ರಿಕೆ ಖಾಲಿ ಬಿದ್ದಿದ್ದವು. ಗಾಡಿ ನುಗ್ಗುವ ಕಡೆ, ಹೊರಡುವ ಕಡೆ, ಎರಡೂ ಬಾಯಿಗೆ ಮುನಿಲಕ್ಷ್ಮಮ್ಮ ಅವನ್ನು ಸಾಲಾಗಿ ಓರೆ ನಿಲ್ಲಿಸಿ ಹೊರಮೈಗೆ ತೆಳು ಬಟ್ಟೆ ಹೊದಿಸಿದಳು. ಒಳಮೈಯ ಸುರುಳಿ ಸಂದುಗಳಲ್ಲಿ ಮೇಡಂ ಕೈಯಿಂದ ಬೀರು ತೆಗೆಸಿ, ತೆಳ್ಳಗಿನ ಕತೆ ಪುಸ್ತಕಗಳನ್ನು ಸಿಕ್ಕಿಸಿದಳು.

ಗೂಡು ಕಟ್ಟುವ ಹುಳುವಿನ ಹತ್ತಿರ ನಮ್ಮ ಕಡೆ ಯಾರೂ ಬೀಡಿ ಕೂಡ ಸೇದುವುದಿಲ್ಲ. ಬಂಧುಗಳು ಬಂದರೂ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತೇವೆ. ವೆಂಕಟರಾಯಪ್ಪ ಗಾಡಿ ತಂದವನು ಚಂದ್ರಿಕೆ ಕಂಡು ದೂರದಲ್ಲೇ ಎಂಜಿನ್ ಆರಿಸಿದ.

"ಹುಳ ಬಿಟ್ಟಿದೀಯೇನಮ್ಮಾ?"

"ಹೂಂ ಕಣಣ್ಣ, ಗೂಡು ಕಟ್ತಾ ಇದಾವೆ. ಹೊಗೆ ತಾಕೀತು, ಅತ್ಲಾಗ್ ಹೋಗು."

ಅವನು ಗಾಡಿಯನ್ನು ಹಿಂದಕ್ಕೆ ತೆಗೆದು ಕೆರೆ ಏರಿಯ ದಾರಿ ಹಿಡಿದ. ಹಿಂದಿದ್ದ ಗಾಡಿಗಳೂ ಅದೇ ದಾರಿ ಹಿಡಿದವು. ಅಂಗಳದಲ್ಲಿ ಮತ್ತೆ ಓದು ಶುರುವಾಯಿತು. ಮಕ್ಕಳು ಹಣ್ಣು ಕಿತ್ತಂತೆ ಚಂದ್ರಿಕೆಯಿಂದ ಪುಸ್ತಕ ಕಿತ್ತು ತಂದು ಎಲ್ಲೆಂದರಲ್ಲಿ ಕೂರುವರು. ಆ ದಿನಗಳಲ್ಲಿ ಮುನಿಲಕ್ಷ್ಮಮ್ಮನಷ್ಟು ಸುಖವಾಗಿದ್ದವರನ್ನು ನಾನು ಕಂಡಿಲ್ಲ.

ಆದರೆ ಮನೆಯ ಹುಳುಗಳು ಎಳೆಯವಾಗಿಯೇ ಉಳಿಯುತ್ತವೆಯೇ? ಒಂದು ಬೆಳಿಗ್ಗೆ ಆಂಜಿನಪ್ಪ ಓಡಿ ಬಂದ. "ಹುಳ ಹಣ್ಣಾಗ್ಬಿಟ್ಟವೆ ಕಣೇ! ಚಂದ್ರಿಕೆ ಈಗ್ಲೇ ಬೇಕು, ಇಲ್ದಿದ್ರೆ ನೂಲೆಲ್ಲ ನೆಲಕ್ಕೇ ಹೋಯ್ತದೆ."

ಕೊಡದಿದ್ದರೆ ಮನೆಯ ಬೆಳೆ ಹೋಯಿತು. ಕೊಟ್ಟರೆ ಮಧ್ಯಾಹ್ನದೊಳಗೆ ಅಂಗಳದಲ್ಲಿ ಟೆಂಪೊ. ಮುನಿಲಕ್ಷ್ಮಮ್ಮ ಸೌಟು ಕೈಯಲ್ಲಿ ಹಿಡಿದೇ ವೆಂಕಟರಾಯಪ್ಪನ ತೋಟಕ್ಕೆ ಓಡಿದಳು.

"ಅಣ್ಣಾ, ನಾನು ಸುಳ್ಳು ಹೇಳ್ದೆ. ಅದರಾಗೆ ಹುಳಾನೇ ಇರ್ಲಿಲ್ಲ."

ವೆಂಕಟರಾಯಪ್ಪ ಕ್ರೇಟು ಕೆಳಗಿಟ್ಟ. "ಗೊತ್ತು ಬಿಡಮ್ಮ. ಹುಳ ಗೂಡು ಕಟ್ಟೋಕೆ ಮೂರು ದಿನ ಸಾಕು. ನಿಂದು ವಾರ ಕಳೆದ್ರೂ ಕಟ್ತಾನೇ ಇತ್ತಲ್ಲ! ನಾನೂ ರೇಷ್ಮೆ ಸಾಕಿದೋನೇ."

"ಗೊತ್ತಿದ್ದೂ ಯಾಕೆ ಬಳಸ್ಕೊಂಡು ಹೋಗ್ತಿದ್ದೆ?"

ಅವನು ತಲೆಯ ಟವಲ್ಲು ತೆಗೆದು ಮುಖ ಒರೆಸಿಕೊಂಡ.

"ನಿಂಗೆ ಬೈಯೋಣ ಅಂತ ನಡ್ಕೊಂಡು ಬಂದಿದ್ದೆ ಒಂದಿನ. ಬಟ್ಟೆ ಸರಿಸಿ ನೋಡಿದ್ರೆ, ಧನಶ್ರೀ ಬೋರಲಾಗಿ ಮಲಗಿ ಓದ್ತಾ ಇದ್ಲು. ನನ್ನ ಗಾಡಿ ಚಕ್ರದ ಗುರುತಿನ ಮೇಲೇನೇ ಕಣಮ್ಮಾ. ಅಲ್ಲೇ ತಲೆ ಇಟ್ಕೊಂಡಿದ್ಲು."

ಮುನಿಲಕ್ಷ್ಮಮ್ಮನಿಗೆ ಅಳು ಬಂತು. ಬಂದದ್ದನ್ನು ಮುಚ್ಚಿಕೊಳ್ಳಲೂ ಇಲ್ಲ.

"ನೀನು ಚಂದ್ರಿಕೆ ತಗೊಂಡು ಹೋಗು. ಯಾವ ಗಾಡೀನೂ ನುಗ್ಗದ ಹಾಗೆ ನಾಳೆ ಕಲ್ಲು ನೆಡಿಸ್ತೀನಿ," ಎಂದ ಅವನು.

"ನಾಳೆ ಆಗಲ್ಲ. ಹುಳ ಕಾಯಲ್ಲ, ಮಕ್ಳೂ ಕಾಯಲ್ಲ."

ಹೊಸ ಕಲ್ಲು ತರಿಸಲು ಹೊತ್ತೆಲ್ಲಿ? ವೆಂಕಟರಾಯಪ್ಪ ತನ್ನ ತೋಟದ ಬೇಲಿಯ ಕಲ್ಲು ಕಂಬಗಳನ್ನೇ ಕೀಳಿಸಿ, ಟೆಂಪೊದಲ್ಲಿ ಹೇರಿಕೊಂಡು ಬಂದು ಅಂಗಳದ ಎರಡೂ ಬಾಯಿಗೆ ನೆಡಿಸಿದ. ಆಂಜಿನಪ್ಪ ಚಂದ್ರಿಕೆ ಹೊತ್ತು ಮನೆಗೆ ಓಡಿದ. ಪುಸ್ತಕಗಳು ಹೊಂಗೆ ಮರಕ್ಕೆ ಕಟ್ಟಿದ ಹಗ್ಗ ಏರಿದವು. ಅಂದು ಮಧ್ಯಾಹ್ನ ಓದು ಒಂದಿಷ್ಟು ತಡವಾಗಿ ಶುರುವಾಯಿತು, ಅಷ್ಟೇ.

ಸಂಜೆ ಬೇಲಿ ಕಿತ್ತ ಕಡೆಯಿಂದ ದನಗಳು ನುಗ್ಗಿ ವೆಂಕಟರಾಯಪ್ಪನ ತೋಟ ಮೇಯುತ್ತಿದ್ದವು. ಅವನ ಹೆಂಡತಿ ಅಂಜಮ್ಮ ಕೋಲು ಹಿಡಿದು ಕೂಗಾಡುತ್ತಾ ಬಂದಳು. ಅವನು ಬದುವಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಧನಶ್ರೀ ಗಟ್ಟಿಯಾಗಿ ಓದುತ್ತಿದ್ದಳು.

"ತಿನ್ಲಿ ಬಿಡೇ," ಎಂದ. "ಟೊಮೆಟೊ ಮತ್ತೆ ಬೆಳೀತದೆ."