ಮಾಷ್ಟ್ರ ಪುಳ್ಳಿ ಓದಿದ ಬೋರ್ಡು

ಗಡಿನಾಡಿನ ಪೆರ್ಲದ ಹತ್ತಿರದ ನಮ್ಮ ಪುಟ್ಟ ಕನ್ನಡ ಶಾಲೆಯ ಹೆಡ್‌ಮಾಷ್ಟ್ರು ವೆಂಕಟಕೃಷ್ಣರಿಗೆ ಬೇಸಗೆ ರಜೆ ಎಂದರೆ ಮಕ್ಕಳನ್ನು ಹುಡುಕುವ ಕಾಲ. ವಿಷು ಕಳೆದದ್ದೇ ತಡ, ಕೊಡೆ ಹಿಡಿದು ಗುಡ್ಡೆ ಹತ್ತಿಳಿಯುತ್ತಾರೆ. ಶಾಲೆಗೆ ಸೇರುವ ಪ್ರಾಯದ ಮಗು ಕಂಡರೆ ಸಾಕು, ಆ ಮನೆಯ ಜಗಲಿಯಲ್ಲಿ ಕೂತೇಬಿಟ್ಟರು. ಹಾಗೆ ಮನೆಮನೆಯಲ್ಲಿ ಕುಡಿದ ಚಾವೇ ಅವರ ಗ್ಯಾಸ್ಟ್ರಿಕ್ಕಿಗೆ ಮೂಲ ಎಂದು ನಾನು ತಮಾಷೆ ಮಾಡುವುದುಂಟು. ನಾನು ಅದೇ ಶಾಲೆಯ ಟೀಚರ್. ಮಕ್ಕಳಿಲ್ಲದಿದ್ದರೆ ನನಗೂ ಕೆಲಸವಿಲ್ಲ, ಆದ್ದರಿಂದ ಆ ಕೊಡೆಯ ಹಿಂದೆ ನಾನೂ ಹೋಗುತ್ತೇನೆ.

ಈ ಸಲ ಒಂದನೇ ಕ್ಲಾಸಿಗೆ ಸಿಗಬಹುದಾಗಿದ್ದದ್ದು ಒಂದೇ ಮಗು, ಯಶ್ಮಿತಾ. ಅವಳೂ ಬರದಿದ್ದರೆ ಒಂದನೇ ಕ್ಲಾಸಿನ ಬಾಗಿಲು ಹಾಕಿದಂತೆಯೇ. ಅವಳ ತಾಯಿ ಸುಂದರಿ ಮೊನ್ನೆ ಮೊನ್ನೆ ಮುಳ್ಳೇರಿಯ ಕಡೆಯಿಂದ ಬಂದು ಗುಡ್ಡೆಯ ಮೇಲೆ ಬಾಡಿಗೆ ಮನೆ ಹಿಡಿದವಳು, ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಮಗಳನ್ನು ಇಂಗ್ಲಿಷ್ ಶಾಲೆಗೆ ಹಾಕಬೇಕೆಂದು ಅವಳಿಗೆ ಆಸೆ.

"ಮಕ್ಕಳಿಗೆ ಮನೆಯ ಭಾಷೆಯಲ್ಲೇ ಕಲಿಸಬೇಕು ಸುಂದರಿ," ಎಂದರು ಮಾಷ್ಟ್ರು.

"ನಮ್ಮದು ತುಳು ಅಲ್ವಾ ಮಾಷ್ಟ್ರೇ?"

"ಹೌದು. ಕನ್ನಡ ಅದರ ಅಕ್ಕನ ಹಾಗೆ."

ಸುಂದರಿ ನಕ್ಕಳು, ಒಪ್ಪಲಿಲ್ಲ. ಆಗ ಮಾಷ್ಟ್ರು ದೊಡ್ಡ ಆಸೆಯನ್ನೇ ತೋರಿಸಿದರು. ಶಾಲೆಯ ಮಕ್ಕಳನ್ನು ರಜೆಯಲ್ಲಿ ಪಿಲಿಕುಳದ ಮೃಗಾಲಯಕ್ಕೆ ಕರಕೊಂಡು ಹೋಗುವುದುಂಟು, ತಾಯಿ ಮಗಳು ಇಬ್ಬರೂ ಬನ್ನಿ ಎಂದರು. ಹುಲಿ ಎಂದದ್ದೇ ಯಶ್ಮಿತಾ ಅಮ್ಮನ ಸೆರಗು ಜಗ್ಗತೊಡಗಿದಳು. ನೋಡಿಕೊಂಡು ಬಂದ ಮೇಲೆ ಹೇಳುತ್ತೇನೆ ಎಂದಳು ಸುಂದರಿ.

ಹೊರಡುವ ದಿನ ಮಾಷ್ಟ್ರ ಒಟ್ಟಿಗೆ ಅವರ ಪುಳ್ಳಿ, ಮಗನ ಮಗಳು ನಿಶ್ಮಿತಾ ನಿಂತಿದ್ದಳು. ಹುಲಿ ನೋಡಬೇಕೆಂದು ಹೊರಳಾಡಿ ಅತ್ತಳಂತೆ. ಆ ಮಗು ಹೋಗುವುದು ಹಳದಿ ಬಸ್ಸಿನಲ್ಲಿ, ಟೈ ಕಟ್ಟಿಕೊಂಡು, ಇಂಗ್ಲಿಷ್ ಶಾಲೆಗೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಊರಿನ ಹಳಬರಿಗೆಲ್ಲ ಗೊತ್ತಿದ್ದ ಸಂಗತಿ ಅದು, ಸುಂದರಿಗೆ ಮಾತ್ರ ಗೊತ್ತಿರಲಿಲ್ಲ. ಮಗ ಹಾಕಿದ್ದು, ನನ್ನ ಮಾತು ನಡೆಯಲಿಲ್ಲ ಎಂದು ಮಾಷ್ಟ್ರು ನಮ್ಮೊಡನೆ ಹೇಳುತ್ತಿದ್ದರು. ನಾವೂ ಹೂಂ ಎನ್ನುತ್ತಿದ್ದೆವು.

ಮೃಗಾಲಯದಲ್ಲಿ ನಮ್ಮ ಮಕ್ಕಳದ್ದೇ ಗೌಜಿ. ಪ್ರತಿ ಗೂಡಿನ ಎದುರೂ ಪ್ರವೀತ್ ಎಂಬ ಹುಡುಗ ಬೋರ್ಡಿನ ಕನ್ನಡವನ್ನು ಗಟ್ಟಿಯಾಗಿ ಓದುತ್ತಿದ್ದ. ಮಾಷ್ಟ್ರ ಮುಖ ಅರಳಿತ್ತು. "ಕೇಳಿದಿಯಾ ಸುಂದರಿ, ಹೇಗೆ ಓದ್ತಾನೆ!"

ಹುಲಿಯ ಹತ್ತಿರ ಬಂದಾಗ ಸುಂದರಿ ಪ್ರೀತಿಯಿಂದಲೇ ಹೇಳಿದಳು. "ಇದನ್ನು ನಿಮ್ಮ ಪುಳ್ಳಿ ಓದಲಿ ಮಾಷ್ಟ್ರೇ. ಎಷ್ಟು ಹೊತ್ತಾಯ್ತು, ಪಾಪ ಸುಮ್ಮನೆ ನಿಂತಿದೆ ಮಗು."

ನಿಶ್ಮಿತಾ ಬೋರ್ಡು ನೋಡಿದಳು, ಅಜ್ಜನ ಮುಖ ನೋಡಿದಳು.

"ಅಜ್ಜಾ, ನಮಗೆ ಸ್ಕೂಲಲ್ಲಿ ಕನ್ನಡ ಇಲ್ಲ ಅಲ್ವಾ?"

ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಒಂದೂ ತಡವರಿಸದೆ ಪಟಪಟ ಓದಿ ಮುಗಿಸಿದಳು. ಪ್ರವೀತ್ ಬಾಯಿ ಬಿಟ್ಟು ನೋಡಿದ. ಮಾಷ್ಟ್ರು ಕನ್ನಡಕ ತೆಗೆದು ಶಾಲಿನಿಂದ ಒರೆಸಿದರು, ಒರೆಸುತ್ತಲೇ ಇದ್ದರು.

ಸುಂದರಿ ನಾಲ್ಕು ಮಾತು ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ನಿಶ್ಮಿತಾಳ ತಲೆ ನೇವರಿಸಿ, ತನ್ನ ಪಾಲಿನ ಚಕ್ಕುಲಿ ಕೊಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಮಾಷ್ಟ್ರ ಹಿಂದಿನ ಸೀಟಿನಿಂದ ಅವಳು ಮುಂದೆ ಬಾಗಿದಳು. ಮಡಿಲಲ್ಲಿ ಯಶ್ಮಿತಾಳಿಗೆ ನಿದ್ದೆ.

"ಮಾಷ್ಟ್ರೇ, ಆ ಶಾಲೆಯ ಬಸ್ಸು ನಮ್ಮ ಗುಡ್ಡೆಗೆ ಬರ್ತದಾ?"

ಮಾಷ್ಟ್ರು ಆ ಶಾಲೆಯಲ್ಲಿ ಸೀಟಿಲ್ಲ ಎನ್ನಬಹುದಿತ್ತು, ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಏನಾದರೂ ಒಂದು ಸುಳ್ಳು ಹೇಳಲಿ ದೇವರೇ ಎಂದು ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಬೇಡಿಕೊಂಡೆ. ಹಾಗೆ ಬೇಡಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ಗುಡ್ಡೆಗೆ ಬರುವುದಿಲ್ಲ," ಎಂದರು ಮಾಷ್ಟ್ರು, ಹಿಂದಕ್ಕೆ ತಿರುಗದೆ. "ನಮ್ಮ ಮನೆಯ ಗೇಟಿನ ಎದುರು ನಿಲ್ತದೆ. ಬೆಳಿಗ್ಗೆ ಮಗುವನ್ನು ಅಲ್ಲಿಗೆ ತಂದು ಬಿಡು. ನಮ್ಮ ಪುಳ್ಳಿಯ ಒಟ್ಟಿಗೆ ನಾನೇ ಹತ್ತಿಸ್ತೇನೆ."