ಸಿರುಗುಪ್ಪದ ಮನೆಗೆ ಬಂದ ಮಂಗಳ

ಧಡ್ ಧಡ್ ಧಡ್. ಮದುವೆಯಾಗಿ ಸಿರುಗುಪ್ಪಕ್ಕೆ ಬಂದ ಮೊದಲ ಮುಂಜಾವು ಕಾಲಡಿಯ ನೆಲವೇ ನಡುಗಿತು. ಅರ್ಥ್‌ಕ್ವೇಕ್ ಎಂದು ಅಂಗಳಕ್ಕೆ ಓಡಿದೆ.

"ಅಕ್ಕಿ ಗಿರಣಿ ಯವ್ವಾ ಅದು! ನಿಮ್ಮ ಮದ್ರಾಸಿನಾಗ ಅನ್ನ ಗಿಡಕ್ಕ ಬಿಡತೈತೇನು?" ಎಂದು ಅತ್ತೆ ನಕ್ಕರು.

ಮದ್ರಾಸಿನ ಗೆಳತಿಯರೇ, ಅಲ್ಲಿ ಕಡಲಿನ ಸದ್ದಿಗೆ ನಿದ್ದೆ ಬರುತ್ತಿತ್ತು. ಇಲ್ಲಿ ಗಿರಣಿ ನಿಂತರೆ ಎಚ್ಚರವಾಗುವಷ್ಟು ಒಗ್ಗಿಕೊಂಡೆ. ಚೊಂಬಿಗೆ ತಂಬಿಗಿ ಎನ್ನುವುದನ್ನೂ ರೊಟ್ಟಿ ಬಡಿಯುವುದನ್ನೂ ಕಲಿತೆ. ಒಂದು ಭಯ ಮಾತ್ರ ಒಗ್ಗಲಿಲ್ಲ. ನನ್ನ ಜಾತಕದಲ್ಲಿ ಕುಜದೋಷವಿತ್ತು, ಮಂಗಳನ ಕಾಟ. ಅಂಥವಳ ಗಂಡ ಬಾಳುವುದಿಲ್ಲವೆಂದು ನಂಬಿಕೆ. ಅಪ್ಪ ಬೇರೆ ಜಾತಕ ಬರೆಸಿ ಮದುವೆ ಮಾಡಿದ್ದರು. ಕಾನ್ವೆಂಟಿನಲ್ಲಿ ಓದಿದವಳು, ಸೂಪರ್‌ಸ್ಟಿಷನ್ ಎಂದುಕೊಳ್ಳುತ್ತಿದ್ದೆ. ಆದರೆ ನನ್ನ ಗಂಡ ಕೆಮ್ಮಿದರೂ ಎದೆ ಹಾರುತ್ತಿತ್ತು.

ಎಪ್ಪತ್ತರ ದಶಕದ ಒಂದು ಬೇಸಿಗೆ. ಇವರು ಕಾಮಾಲೆಯಾಗಿ ಬಳ್ಳಾರಿಯ ಆಸ್ಪತ್ರೆ ಸೇರಿದರು. ಅದೇ ವಾರ ಮದ್ರಾಸಿನಿಂದ ತಮ್ಮ ಒಂದು ಇಂಗ್ಲಿಷ್ ಮ್ಯಾಗಜಿನ್ ಕಳಿಸಿದ. ತೆರೆದರೆ ಮಂಗಳ! ಅವನ ಸುತ್ತ ತಿರುಗುತ್ತಿದ್ದ ನೌಕೆಯೊಂದು ತೆಗೆದ ಫೋಟೋಗಳು. ಬಾಯ್ದೆರೆದ ಬೆಟ್ಟ, ಸಿಡುಬಿನ ಕಲೆಯಂಥ ಕ್ರೇಟರ್‌ಗಳು, ಒಣಗಿದ ಹೊಳೆಯ ಗೆರೆ. ಅಷ್ಟು ದೂರದವನು ಅಡುಗೆಮನೆಗೇ ಬಂದು ನನ್ನ ಗುರುತು ಹಿಡಿದಂತಾಯಿತು.

"ಯಾವೂರಲೇ ಇದು? ಕುರುಗೋಡು ಗುಡ್ಡ ಇದ್ದಂಗೈತಿ," ಎಂದರು ಅತ್ತೆ, ಹಿಂದಿನಿಂದ ಬಗ್ಗಿ.

"ಮಂಗಳ ಗ್ರಹ, ಅತ್ತೀ." ಮುಂದೆ ತಡೆಯಲಾಗಲಿಲ್ಲ, ಜಾತಕದ ಸುಳ್ಳನ್ನೂ ಹೇಳಿ ಅತ್ತುಬಿಟ್ಟೆ. ತವರಿಗೆ ಅಟ್ಟುತ್ತಾರೆಂದೇ ತಿಳಿದೆ.

ಅತ್ತೆ ಫೋಟೋದೊಳಗಿನ ಹೊಳೆಯ ಗೆರೆಯ ಮೇಲೆ ಬೆರಳಿಟ್ಟರು. "ಹೊಳಿ ಪೂರಾ ಬತ್ತೈತಲ್ಲ. ನೀರಡಿಸಿದಾಂವ ಸಿಟ್ಟಾಗದ ಏನ್ಮಾಡ್ತಾನ?"

ಮನೆಗೆ ಯಾರೇ ಬಂದರೂ ಮೊದಲು ತಂಬಿಗಿ ನೀರು ಕೊಡುವುದು ಇಲ್ಲಿಯ ರೂಢಿ. ಫೋಟೋದ ಮುಂದೆ ಒಂದು ತಂದಿಟ್ಟರು.

"ವೈರಿ ಬಂದ್ರೂ ನೀರು ಕೊಡಬೇಕು. ಮಂಗಳವಾರಕ್ಕೊಮ್ಮಿ ಇಡು. ನನ್ನ ಮಗಗ ಮಾತ್ರ ಹೇಳಬ್ಯಾಡ." ಎಂದವರು ತಂಬಿಗಿಯನ್ನು ಫೋಟೋಕ್ಕೆ ಇನ್ನಷ್ಟು ಹತ್ತಿರ ಸರಿಸಿದರು.

ಇವರು ಗುಣವಾಗಿ ಬಂದರು. ನಾನು ಇಡುತ್ತಾ ಬಂದೆ, ಮದ್ರಾಸಿಗೆ ಹೋದಾಗಲೂ. ಅಲ್ಲಿ ನೀವು ನನ್ನನ್ನು ಹಳ್ಳಿಯವಳು ಎಂದು ನಗುತ್ತೀರಿ. ಇಲ್ಲಿ ನಾನು ಇಂದಿಗೂ ಮದ್ರಾಸಿನಾಕಿ.

ಅತ್ತೆಯನ್ನು ಕೊನೆಯ ಸಲ ನೋಡಿದ್ದು ಬಳ್ಳಾರಿಯ ಅದೇ ಆಸ್ಪತ್ರೆಯಲ್ಲಿ. ಮಂಚದ ಪಕ್ಕ ಇವರು ಮೋಸಂಬಿ ಸುಲಿಯುತ್ತಾ ಕೂತಿದ್ದರು.

"ಇವತ್ತು ಮಂಗಳವಾರ. ನೀರಿಟ್ಟು ಬಂದೀಯೇನು?" ಅತ್ತೆ ನನ್ನನ್ನು ಕೇಳಿದರು.

"ಯಾರಿಗೆ ಬೇ ನೀರು?" ಎಂದರು ಇವರು.

"ಗಿಡಕ್ಕಲೇ. ನೀ ಸುಮ್ನಿರು."

ಹೊರಡುವ ಅವಸರದಲ್ಲಿ ಮರೆತಿದ್ದೆ. ಇವರ ಮುಖ ನೋಡಿದೆ.

"ಇಟ್ಟೀನಿ, ಅತ್ತೀ," ಎಂದೆ.

ಅವರು ನಂಬಿ ಕಣ್ಣು ಮುಚ್ಚಿಕೊಂಡರು. ಮಂಗಳವಾರ ಮುಗಿಯುವುದರೊಳಗೆ ಮನೆ ಸೇರಲೆಂದು ನಾನು ಸಿರುಗುಪ್ಪದ ಬಸ್ಸಿಗೆ ಓಡಿದೆ.